ವಿಕಿಪೀಡಿಯದಲ್ಲಿ ನಮ್ಮೂರಿನ ಬಗ್ಗೆ ಬರೆಯುವವರಿಗೆ: ಅಳಿಸಿ ಹೋಗದ ಹಾಗೆ, ಜಗಳವಾಗದ ಹಾಗೆ

"ನಮ್ಮೂರ ದೇವಸ್ಥಾನದ ಬಗ್ಗೆ ಚೆಂದಾಗಿ ಬರೆದು ಹಾಕಿದ್ದೆ. ಮರುದಿನ ನೋಡಿದರೆ ಯಾರೋ ಅಳಿಸಿಬಿಟ್ಟಿದ್ದಾರೆ. ಇದು ಯಾವ ನ್ಯಾಯ?" ಕಾರವಾರ, ಅಂಕೋಲಾ, ಶಿರಸಿ, ಯಲ್ಲಾಪುರ ಕಡೆಯ ಓದುಗರು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಇಂಥವೇ. ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆಯೂ ಇದೆ: "ನಮ್ಮ ಸಮುದಾಯದ ಬಗ್ಗೆ ಯಾರೋ ಏನೇನೋ ಬರೆದಿದ್ದಾರೆ, ತೆಗೆಸುವುದು ಹೇಗೆ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಒಂದು ವಿಷಯ ತಿಳಿದಿರಲಿ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. ಅಂದಿನಿಂದ ಇಂದಿನವರೆಗೂ ಅದನ್ನು ಬರೆಯುತ್ತ, ತಿದ್ದುತ್ತ ಬಂದವರು ನನ್ನಂಥ, ನಿಮ್ಮಂಥ ಸ್ವಯಂಸೇವಕರು. ಅಲ್ಲಿ ಸಂಪಾದಕ ಮಂಡಳಿ ಇಲ್ಲ, ಸಂಬಳದ ತಿದ್ದುಗಾರರೂ ಇಲ್ಲ. ನಿಮ್ಮ ಬರಹ ಅಳಿಸಿದವರು ಮನೆಯಲ್ಲಿ ರಾತ್ರಿ ಊಟ ಮುಗಿಸಿ ಕೂತ ಒಬ್ಬ ಮೇಷ್ಟ್ರೋ ಕಾಲೇಜು ಹುಡುಗಿಯೋ ಆಗಿರಬಹುದು. ಅವರಿಗೆ ನಿಮ್ಮೂರು ಗೊತ್ತಿಲ್ಲ, ನೀವು ಯಾರೆಂದೂ ಗೊತ್ತಿಲ್ಲ. ಅವರ ಮುಂದಿರುವುದು ನಿಮ್ಮ ವಾಕ್ಯ ಮಾತ್ರ. ಆ ವಾಕ್ಯಕ್ಕೆ ಆಧಾರ ಇದೆಯೇ ಎಂದು ನೋಡುವುದಷ್ಟೇ ಅವರ ಕೈಯಲ್ಲಿದೆ. ಪಕ್ಷಪಾತ ಎಂದು ಶುರುವಾದ ಜಗಳಗಳಲ್ಲಿ ಹೆಚ್ಚಿನವುಗಳ ಬುಡ ಕೆದಕಿದರೆ ಸಿಗುವುದು ಆಧಾರವಿಲ್ಲದ ಒಂದು ವಾಕ್ಯ ಎಂಬುದು ನನ್ನ ಅನುಭವ.

ಏನೇನು ಬೇಕು

ಮೊಬೈಲ್ ಆದರೂ ನಡೆಯುತ್ತದೆ, ಆದರೆ ಉಲ್ಲೇಖ, ಅಂದರೆ ಆಧಾರದ ವಿವರ, ಸೇರಿಸುವ ಕೆಲಸಕ್ಕೆ ಲ್ಯಾಪ್‌ಟಾಪ್ ಅನುಕೂಲ. ಅಕ್ಷರ ಯುನಿಕೋಡ್‌ನಲ್ಲಿರಬೇಕು. ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟದ್ದನ್ನು ಹಾಗೇ ಅಂಟಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಮೊದಲು ಪರಿವರ್ತಿಸಿಕೊಳ್ಳಿ. ಇದೆಲ್ಲಕ್ಕಿಂತ ಮುಖ್ಯವಾಗಿ ಬರೆಯಲು ಕೂರುವ ಮುನ್ನವೇ ಅಚ್ಚಾದ ಎರಡು ಆಧಾರಗಳು ಕೈಯಲ್ಲಿರಲಿ.

ಹಂತ 1: ಖಾತೆ

ಖಾತೆ ಇಲ್ಲದೆಯೂ ತಿದ್ದಬಹುದು, ಆದರೂ ಮಾಡಿಕೊಳ್ಳಿ. ನಿಮ್ಮೊಡನೆ ಮಾತಾಡಬೇಕೆಂದವರಿಗೆ ಒಂದು ವಿಳಾಸ ಇದ್ದ ಹಾಗಾಗುತ್ತದೆ. ನಿಜ ಹೆಸರು ಕೊಡಲೇಬೇಕೆಂದಿಲ್ಲ. ಅಂಗಡಿಯ ಹೆಸರು, ಹೋಮ್‌ಸ್ಟೇ ಹೆಸರು, ಸಂಘದ ಹೆಸರಿನಲ್ಲಿ ಮಾತ್ರ ಖಾತೆ ತೆರೆಯಬೇಡಿ, ಮೊದಲ ದಿನವೇ ಜಾಹೀರಾತಿನವರೆಂಬ ಗುಮಾನಿ ಬರುತ್ತದೆ. ವಾದದ ನಡುವೆ ಎರಡನೇ ಹೆಸರಿನಲ್ಲಿ ಬಂದು ತನಗೆ ತಾನೇ "ಹೌದು ಹೌದು" ಎನ್ನುವುದು ನಿರ್ಬಂಧಕ್ಕೆ ನೇರ ದಾರಿ.

ಹಂತ 2: ಹೊಸ ಲೇಖನ ಬೇಡ, ಮೊದಲು ಒಂದು ತಪ್ಪು ತಿದ್ದಿ

ಹೆಚ್ಚಿನವರು ಬಂದ ಕೂಡಲೇ ಹೊಸ ಪುಟ ತೆರೆಯುತ್ತಾರೆ. ಅದಕ್ಕಿಂತ ಇರುವ ಪುಟಗಳಲ್ಲಿ ಹಳಸಿದ ಮಾಹಿತಿ ಹುಡುಕಿ ಸರಿಪಡಿಸಿ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸಂಬಂಧಿಸಿದ ಪುಟಗಳಲ್ಲಿ ಇಂಥದಕ್ಕೆ ಬರವಿಲ್ಲ.

ಕೈಗಾ ಅಣುವಿದ್ಯುತ್ ಸ್ಥಾವರವನ್ನೇ ನೋಡಿ. ಅಲ್ಲಿನ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿತು. ಆಗ ಅದು ವಿಶ್ವದಾಖಲೆ, ಪತ್ರಿಕೆಗಳು ಬರೆದದ್ದೂ ಸರಿಯಾಗಿಯೇ ಇತ್ತು. ಆಮೇಲೆ ಕೆನಡಾದ ಡಾರ್ಲಿಂಗ್ಟನ್ ಸ್ಥಾವರದ ಒಂದು ಘಟಕ 1,106 ದಿನ ಓಡಿ 2021ರಲ್ಲಿ ನಿಂತಿತು. ಹೀಗಿರುವಾಗ "ಕೈಗಾ ವಿಶ್ವದಾಖಲೆ ಹೊಂದಿದೆ" ಎಂದು ಇವತ್ತು ಬರೆದರೆ ತಪ್ಪು. "2018ರಲ್ಲಿ ಆಗಿನ ವಿಶ್ವದಾಖಲೆ ಸ್ಥಾಪಿಸಿತು" ಎಂದರೆ ಇನ್ನು ಐವತ್ತು ವರ್ಷ ಬಿಟ್ಟು ಓದಿದರೂ ಸರಿ. ಆಧಾರ ಅದೇ, ಬದಲಾದದ್ದು ಕ್ರಿಯಾಪದ ಮತ್ತು ಇಸವಿ.

ಗಿಡ ನೆಟ್ಟು ಬೆಳೆಸಿ ಹೆಸರಾದ ತುಳಸಿ ಗೌಡರ ಪದ್ಮಶ್ರೀಯ ವರ್ಷದಲ್ಲೂ ಹೀಗೆಯೇ ಎಡವಟ್ಟಾಗುತ್ತದೆ. ಪ್ರಶಸ್ತಿ 2020ರದ್ದು. ಕೋವಿಡ್‌ನಿಂದಾಗಿ ಪ್ರದಾನವಾದದ್ದು 2021ರ ನವೆಂಬರ್‌ನಲ್ಲಿ. ಒಬ್ಬರು 2020 ಎಂದು ಬರೆಯುತ್ತಾರೆ, ಇನ್ನೊಬ್ಬರು ಬರಿಗಾಲಿನಲ್ಲಿ ರಾಷ್ಟ್ರಪತಿ ಭವನದಲ್ಲಿ ನಿಂತ ಫೋಟೋದ ತಾರೀಕು ನೋಡಿ 2021 ಎಂದು ತಿದ್ದುತ್ತಾರೆ, ಮೊದಲಿನವರು ಮತ್ತೆ 2020 ಮಾಡುತ್ತಾರೆ. ಇಬ್ಬರ ಕೈಯಲ್ಲೂ ಆಧಾರವಿದೆ. "2020ನೇ ಸಾಲಿನ ಪದ್ಮಶ್ರೀ, 2021ರ ನವೆಂಬರ್‌ನಲ್ಲಿ ಪ್ರದಾನ" ಎಂದು ಬರೆದುಬಿಟ್ಟರೆ ಹಗ್ಗಜಗ್ಗಾಟ ಅಲ್ಲಿಗೇ ನಿಲ್ಲುತ್ತದೆ.

"ಈ ವರ್ಷ", "ಇತ್ತೀಚೆಗೆ", "ಸದ್ಯದಲ್ಲೇ" ಎಂಬ ಮಾತುಗಳನ್ನು ಕಂಡಲ್ಲಿ ತೆಗೆದು ಇಸವಿ ಹಾಕಿ. ಶಿರಸಿಯ ಮಾರಿಕಾಂಬಾ ಜಾತ್ರೆ ನಡೆಯುವುದೇ ಎರಡು ವರ್ಷಕ್ಕೊಮ್ಮೆ. "ಕಳೆದ ಜಾತ್ರೆಯಲ್ಲಿ" ಎಂದು ಬರೆದರೆ ಓದುವವರು ಯಾವ ಜಾತ್ರೆ ಎಂದುಕೊಳ್ಳಬೇಕು?

ತಿದ್ದಿ ಉಳಿಸುವಾಗ ಕೆಳಗೆ ಸಾರಾಂಶ ಬರೆಯಲು ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಖಾಲಿ ಬಿಡಬೇಡಿ. "ಇಸವಿ ಸೇರಿಸಿದೆ, ಆಧಾರ ಕೊಟ್ಟಿದ್ದೇನೆ" ಎಂಬಷ್ಟು ಸಾಕು. ಕಾರಣ ಹೇಳದ ತಿದ್ದುಪಡಿಯನ್ನು ಕಾರಣ ಹೇಳದೆಯೇ ಅಳಿಸುತ್ತಾರೆ.

ಹಂತ 3: ವಿಷಯಕ್ಕೆ ಪುಟ ಸಲ್ಲುತ್ತದೆಯೇ?

ಇದಕ್ಕೆ ವಿಕಿಪೀಡಿಯದವರು ಬಳಸುವ ಶಬ್ದ ಗಮನಾರ್ಹತೆ. ವಿಷಯಕ್ಕೆ ಸಂಬಂಧವಿಲ್ಲದ ಬೇರೆಯವರು, ನಂಬಬಹುದಾದ ಕಡೆ, ತಕ್ಕಮಟ್ಟಿಗೆ ವಿವರವಾಗಿ ಅದರ ಬಗ್ಗೆ ಬರೆದಿರಬೇಕು ಎಂದು ಅರ್ಥ. ಊರುಗಳ ಮಟ್ಟಿಗೆ ತೊಂದರೆ ಕಡಿಮೆ. ಸರ್ಕಾರದ ದಾಖಲೆಯಲ್ಲಿರುವ ಜನವಸತಿಯ ಗ್ರಾಮಕ್ಕೆ ಪುಟ ಇರಬಹುದು ಎಂಬುದು ರೂಢಿ. 2011ರ ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ನಿಮ್ಮ ಹಳ್ಳಿಯ ಹೆಸರು, ಮನೆ, ಜನಸಂಖ್ಯೆ ಸಿಗುತ್ತವೆ. ನಿಮ್ಮ ಕುಟುಂಬದ ದೇವರು, ಭಾವನ ಹೋಮ್‌ಸ್ಟೇ, ಈ ವರ್ಷ ಹುಟ್ಟಿದ ಯುವಕ ಸಂಘ ಇವಕ್ಕೆ ಈಗ ಪುಟ ಬೇಡ.

ಹೋಮ್‌ಸ್ಟೇ ಮಾತು ಬಂತು. ಗೋಕರ್ಣ, ಯಾಣ, ದಾಂಡೇಲಿ ಪುಟಗಳಿಗೆ ಫೋನ್ ನಂಬರ್, ರೂಮಿನ ದರ, ರಾಫ್ಟಿಂಗ್ ಪ್ಯಾಕೇಜ್ ತಂದು ಸುರಿಯುವವರಿಗೆ ಕೊನೆಯಿಲ್ಲ. ವ್ಯಾಪಾರ ತಪ್ಪಲ್ಲ, ಜಾಗ ತಪ್ಪು. ವಿಷಯದಿಂದ ನಿಮಗೆ ಲಾಭವಿದ್ದರೆ ಅದನ್ನು ಹಿತಾಸಕ್ತಿ ಸಂಘರ್ಷ ಎನ್ನುತ್ತಾರೆ. ಹಣ ಪಡೆದು ಬರೆಯುವವರು ಅದನ್ನು ಬಹಿರಂಗವಾಗಿ ಹೇಳಲೇಬೇಕೆಂಬುದು 2014ರಿಂದ ಬಳಕೆಯ ಷರತ್ತಿನಲ್ಲೇ ಇದೆ. ಹಣ ಪಡೆಯದಿದ್ದರೂ ನಿಮ್ಮ ಸಂಸ್ಥೆ, ನಿಮ್ಮ ಮಠ, ನಿಮ್ಮ ಮೇಳದ ಪುಟವನ್ನು ನೀವೇ ತಿದ್ದುವ ಬದಲು ಚರ್ಚೆ ಪುಟದಲ್ಲಿ ಬೇಡಿಕೆ ಇಡಿ. ಪ್ರತಿ ಲೇಖನದ ಹಿಂದೆಯೂ ಇಂಥ ಒಂದು ಪುಟ ಇರುತ್ತದೆ, ಲೇಖನದ ಬಗ್ಗೆ ಮಾತಾಡುವುದು ಅಲ್ಲಿ.

ಹಂತ 4: ಆಧಾರ ಹುಡುಕಿ

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲೇ.

ನಮ್ಮ ಜಿಲ್ಲೆಗೆ ಮೊದಲು ನೋಡಬೇಕಾದದ್ದು ಜಿಲ್ಲೆಯ ವಿವರಗಳನ್ನು ಒಟ್ಟುಮಾಡಿದ ಸರ್ಕಾರಿ ಗ್ರಂಥಗಳಾದ ಎರಡು ಗ್ಯಾಸೆಟಿಯರ್‌ಗಳು: ಮುಂಬಯಿ ಪ್ರಾಂತದ ಗ್ಯಾಸೆಟಿಯರ್ ಮಾಲೆಯಲ್ಲಿ 1883ರಲ್ಲಿ ಬಂದ ಕೆನರಾ ಸಂಪುಟ, ಮತ್ತು ಸ್ವಾತಂತ್ರ್ಯಾನಂತರ ಕರ್ನಾಟಕ ಸರ್ಕಾರ ತಂದ ಉತ್ತರ ಕನ್ನಡ ಜಿಲ್ಲಾ ಗ್ಯಾಸೆಟಿಯರ್. ಬಂದರು, ಘಟ್ಟದ ದಾರಿ, ಕೋಟೆ, ಬೆಳೆ, ಸಂತೆ ಇವಕ್ಕೆಲ್ಲ ಚೆನ್ನಾದ ಆಕರ. ಆದರೆ 1883ರ ಸಂಪುಟ ಬ್ರಿಟಿಷ್ ಅಧಿಕಾರಿಗಳ ಕಣ್ಣಿನದು. ಅದರಲ್ಲಿ ಒಂದೊಂದು ಜಾತಿಯ ಗುಣ ಸ್ವಭಾವ ಹೀಗೆ ಹೀಗೆ ಎಂದು ಬರೆದ ಭಾಗಗಳಿವೆ. ಅವನ್ನು ಇಂದಿನ ಸಮುದಾಯದ ವರ್ಣನೆಯಾಗಿ ತಂದು ಹಾಕುವುದು ಅನ್ಯಾಯ. "ಆಧಾರ ಇದೆಯಲ್ಲ" ಎಂದು ವಾದಿಸಿದರೂ ನಾನು ಒಪ್ಪುವುದಿಲ್ಲ. ಬಂದರಿನಲ್ಲಿ ಎಷ್ಟು ಸರಕು ಇಳಿಯಿತು ಎಂಬುದಕ್ಕೆ ಅವರ ಮಾತು ನಂಬಬಹುದು. ನಿಮ್ಮ ಅಜ್ಜಿಯ ಸ್ವಭಾವಕ್ಕೆ ಅವರು ಸಾಕ್ಷಿಯಾಗಲಾರರು.

ಕಾರವಾರದ ಕರಾವಳಿ ಮುಂಜಾವು, ಶಿರಸಿಯ ಲೋಕಧ್ವನಿಯಂಥ ಸ್ಥಳೀಯ ಪತ್ರಿಕೆಗಳು ನಮಗೆ ದೊಡ್ಡ ಆಸ್ತಿ. ರಾಜ್ಯ ಮಟ್ಟದ ಪತ್ರಿಕೆಗಳು ನಾಲ್ಕು ಸಾಲಿನಲ್ಲಿ ಮುಗಿಸುವುದು ಇಲ್ಲಿ ಅರ್ಧ ಪುಟ ಬಂದಿರುತ್ತದೆ. ಯಾವುದೇ ಪತ್ರಿಕೆಯಾದರೂ ವರದಿ ಬೇರೆ, ಅಭಿನಂದನೆಯ ಜಾಹೀರಾತು ಬೇರೆ, ಸಂಘಟಕರು ಕಳಿಸಿದ ಪ್ರಕಟಣೆ ಬೇರೆ ಎಂಬುದು ನೆನಪಿರಲಿ. ವರದಿಗೆ ಮಾತ್ರ ಬೆಲೆ. ಪತ್ರಿಕೆಯ ಹೆಸರು, ತಾರೀಕು, ಪುಟ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಂತರ್ಜಾಲದ ಕೊಂಡಿ ಕಡ್ಡಾಯವೇನೂ ಅಲ್ಲ.

ಎಡವುವ ಜಾಗಗಳು ಮೂರು. ವಿಕಿಪೀಡಿಯದಿಂದಲೇ ನಕಲು ಮಾಡಿದ ಜಾಲತಾಣವನ್ನು ವಿಕಿಪೀಡಿಯಕ್ಕೆ ಆಧಾರವಾಗಿ ಕೊಡುವುದು ಮೊದಲನೆಯದು. ಪ್ರವಾಸದ ಸೈಟುಗಳಲ್ಲಿ ಇದು ವಿಪರೀತ. ವಾಕ್ಯಗಳ ಕ್ರಮ ಹೋಲಿಸಿದರೆ ಗೊತ್ತಾಗಿಬಿಡುತ್ತದೆ. ಎರಡನೆಯದು ಸ್ಥಳಪುರಾಣವನ್ನು ಇತಿಹಾಸದ ಜಾಗದಲ್ಲಿ ಕೂರಿಸುವುದು. ಪುರಾಣಕ್ಕೆ ಅದರದೇ ಶೀರ್ಷಿಕೆ ಕೊಡಿ, "ಸ್ಥಳಪುರಾಣದ ಪ್ರಕಾರ" ಎಂದು ಹೇಳಿ. ಮೂರನೆಯದು ದೇವಸ್ಥಾನದ ಸ್ಮರಣ ಸಂಚಿಕೆಯ ನಾಲ್ಕು ಪುಟವನ್ನು ಇದ್ದಹಾಗೇ ಟೈಪ್ ಮಾಡಿ ಹಾಕುವುದು. ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ನಮ್ಮ ದೇಶದಲ್ಲಿ ಬರಹದ ಹಕ್ಕು ಇರುತ್ತದೆ. ಸಂಗತಿ ತೆಗೆದುಕೊಳ್ಳಿ, ವಾಕ್ಯ ನಿಮ್ಮದಿರಲಿ. ವಾಟ್ಸ್ಯಾಪ್‌ನಲ್ಲಿ ಬಂದ ಫೋಟೋಗೂ ಇದೇ ಮಾತು: ನೀವು ತೆಗೆದದ್ದಲ್ಲದಿದ್ದರೆ ಏರಿಸಬೇಡಿ.

ಹಂತ 5: ವಾಕ್ಯ ಕಟ್ಟಿ

ತಟಸ್ಥ ದೃಷ್ಟಿಕೋನ ಎಂಬ ನಿಯಮವನ್ನು ಹಲವರು ತಪ್ಪು ತಿಳಿಯುತ್ತಾರೆ. ಎರಡೂ ಕಡೆಗೆ ಸಮನಾಗಿ ಸಾಲು ಹಂಚುವುದು ಎಂದು ಅರ್ಥವಲ್ಲ. ನಂಬಲರ್ಹ ಆಕರಗಳು ಯಾವುದಕ್ಕೆ ಎಷ್ಟು ತೂಕ ಕೊಟ್ಟಿವೆಯೋ ಅಷ್ಟೇ ತೂಕ ಇಲ್ಲೂ ಇರಬೇಕು. ವಿವಾದವಿದ್ದರೆ ಯಾರು ಏನು ಹೇಳಿದರು ಎಂದು ಹೆಸರು ಹಿಡಿದು ಬರೆಯಬೇಕು. ಗೋಕರ್ಣದ ಉದಾಹರಣೆ ನೋಡೋಣ.

ತಪ್ಪು: "ಗೋಕರ್ಣ ಹನುಮಂತನ ಜನ್ಮಸ್ಥಳ."

ಇದೂ ತಪ್ಪು: "ಗೋಕರ್ಣವನ್ನು ಹನುಮಂತನ ಜನ್ಮಸ್ಥಳವೆಂದು ಕೆಲವರು ಪ್ರಚಾರ ಮಾಡುತ್ತಿದ್ದಾರೆ."

ಸರಿ: "ಹನುಮಂತನ ಜನ್ಮಸ್ಥಳ ಗೋಕರ್ಣ ಎಂದು 2021ರಲ್ಲಿ ರಾಮಚಂದ್ರಾಪುರ ಮಠ ಪ್ರತಿಪಾದಿಸಿತು. ಅದೇ ವರ್ಷ ತಿರುಮಲ ತಿರುಪತಿ ದೇವಸ್ಥಾನವು ತಿರುಮಲದ ಅಂಜನಾದ್ರಿಯನ್ನು ಜನ್ಮಸ್ಥಳವೆಂದು ಘೋಷಿಸಿತು. ಕೊಪ್ಪಳ ಜಿಲ್ಲೆಯ ಆನೆಗೊಂದಿ ಬಳಿಯ ಅಂಜನಾದ್ರಿಯೂ ಜನ್ಮಸ್ಥಳವೆಂದು ಪ್ರಸಿದ್ಧ."

ಮೊದಲ ವಾಕ್ಯವನ್ನು ಆನೆಗೊಂದಿಯವರು ಅಳಿಸುತ್ತಾರೆ, ಎರಡನೆಯದನ್ನು ಗೋಕರ್ಣದವರು. ಮೂರನೆಯದನ್ನು ಮೂರೂ ಊರಿನವರು ಓದಿದರೆ ಇಷ್ಟವಾಗದೇ ಇರಬಹುದು, ಸುಳ್ಳು ಎನ್ನಲು ಮಾತ್ರ ಆಗುವುದಿಲ್ಲ. ಬರೆದಾದ ಮೇಲೆ ನಿಮ್ಮ ಕಟ್ಟಾ ವಿರೋಧಿ ಓದುತ್ತಿದ್ದಾನೆಂದು ಭಾವಿಸಿ ಒಮ್ಮೆ ಓದಿಕೊಳ್ಳಿ. "ಪ್ರಚಾರ", "ಎನ್ನಲಾದ", "ವಾಸ್ತವವಾಗಿ" ಎಂಬಂಥ ಶಬ್ದಗಳು ಮೆಲ್ಲಗೆ ತೀರ್ಪು ಕೊಟ್ಟುಬಿಡುತ್ತವೆ, ಆಗ ಅವು ಕಣ್ಣಿಗೆ ಬೀಳುತ್ತವೆ.

ಆಕರಗಳೇ ಒಂದಕ್ಕೊಂದು ಹೊಂದದಿದ್ದರೆ? ರವೀಂದ್ರನಾಥ ಟಾಗೋರರು ಕಾರವಾರಕ್ಕೆ ಬಂದದ್ದು ಕೆಲವು ಕಡೆ 1882 ಎಂದಿದೆ, ಕೆಲವು ಕಡೆ 1883. ಕಾರವಾರದಿಂದ ಮರಳಿದ ಮೇಲೆ ತಮ್ಮ ಮದುವೆಯಾಯಿತು ಎಂದು ಟಾಗೋರರೇ ಬರೆದುಕೊಂಡಿದ್ದಾರೆ. ಮದುವೆ ಆದದ್ದು 1883ರ ಡಿಸೆಂಬರ್ 9ರಂದು. ಹಾಗೆಂದು "ಆದ್ದರಿಂದ 1883 ಎಂಬುದೇ ಸರಿ" ಎಂದು ನೀವು ಲೇಖನದಲ್ಲಿ ತೀರ್ಮಾನ ಕೊಡುವಂತಿಲ್ಲ. ಅದು ಸ್ವಂತ ಸಂಶೋಧನೆ. ಎಷ್ಟೇ ತರ್ಕಬದ್ಧವಾಗಿದ್ದರೂ ಅದಕ್ಕೆ ಜಾಗ ಪತ್ರಿಕೆಯ ಲೇಖನ, ವಿಕಿಪೀಡಿಯ ಅಲ್ಲ. ಎರಡೂ ಇಸವಿಗಳನ್ನು ಅವುಗಳ ಆಧಾರದೊಂದಿಗೆ ಕೊಟ್ಟು, ಟಾಗೋರರ ಮಾತನ್ನೂ ಪಕ್ಕದಲ್ಲಿ ಇಡಿ. ಓದುವವರು ಲೆಕ್ಕ ಹಾಕಿಕೊಳ್ಳುತ್ತಾರೆ.

ಹೊಗಳಿಕೆಯ ವಿಷಯದಲ್ಲಿ ನಾವು ಕರಾವಳಿಯವರು ಸ್ವಲ್ಪ ಉದಾರಿಗಳು, ಯಕ್ಷಗಾನ ಕಲಾವಿದರ ಪುಟಗಳಲ್ಲಂತೂ ಕೇಳಬೇಡಿ. "ಅಭಿನಯ ಚಕ್ರವರ್ತಿ, ರಂಗದ ಸಿಡಿಲಮರಿ" ಎಂಬ ಬಿರುದುಗಳ ನಡುವೆ ಅವರು ಯಾವ ತಿಟ್ಟಿನವರು (ಯಾವ ಶೈಲಿಯವರು), ಯಾವ ಮೇಳದಲ್ಲಿದ್ದರು, ಯಾವ ವೇಷಕ್ಕೆ ಹೆಸರಾದರು ಎಂಬುದೇ ಕಳೆದುಹೋಗಿರುತ್ತದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು ಎಂಬ ಒಂದು ಸಾಲು ಹತ್ತು ವಿಶೇಷಣಗಳ ಕೆಲಸ ಮಾಡುತ್ತದೆ. ಬಿರುದು ಹಾಕಲೇಬೇಕೆಂದರೆ ಯಾರು ಕೊಟ್ಟದ್ದು, ಯಾವಾಗ ಎಂಬುದೂ ಇರಲಿ.

ಅವಘಡಗಳ ಬಗ್ಗೆ ಅವಸರ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಆಗ ಗಂಗಾವಳಿ ನದಿಗೆ ಬಿದ್ದಿದ್ದ ಲಾರಿಯೊಂದು ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ನಡುವಿನ ಎರಡು ತಿಂಗಳಲ್ಲಿ ಸಾವಿನ ಸಂಖ್ಯೆ, ಕಾಣೆಯಾದವರ ಸಂಖ್ಯೆ ಬದಲಾಗುತ್ತಲೇ ಇತ್ತು. ಇಂಥಲ್ಲಿ ಸಂಖ್ಯೆಯ ಪಕ್ಕ "ಇಂಥ ದಿನದ ಜಿಲ್ಲಾಡಳಿತದ ಹೇಳಿಕೆಯಂತೆ" ಎಂದಿರಲೇಬೇಕು. ಸತ್ತವರ ಮನೆಯವರ ಹೆಸರು, ಊರು, ಫೋಟೋ ಹಾಕಬೇಡಿ.

ಹಂತ 6: ಅನುವಾದ ಮಾಡುವುದಾದರೆ

ವಿಕಿಪೀಡಿಯದಲ್ಲೇ ಅನುವಾದದ ಉಪಕರಣವಿದೆ. ಯಂತ್ರ ಕೊಟ್ಟ ಕರಡನ್ನು ಗಟ್ಟಿಯಾಗಿ ಓದಿ, ಮನೆಯಲ್ಲಿ ಯಾರಿಗಾದರೂ ಕೇಳಿಸಿ. ಅರ್ಥವಾಗಲಿಲ್ಲ ಎಂದರೆ ಪ್ರಕಟಿಸಬೇಡಿ. ಹಿಂದೆ, 2010ರ ಆಸುಪಾಸಿನಲ್ಲಿ, ಇಂಗ್ಲಿಷಿನಿಂದ ಹೀಗೆ ಯಂತ್ರದ ನೆರವಿನಲ್ಲಿ ಬಂದ ಉದ್ದುದ್ದ ಲೇಖನಗಳು ಓದಲಾಗದ ಸ್ಥಿತಿಯಲ್ಲಿದ್ದು ಸ್ವಯಂಸೇವಕರಿಗೆ ವರ್ಷಗಟ್ಟಲೆ ತಲೆನೋವಾದವು. ಆಧಾರವಿರುವ ಹತ್ತು ಸಾಲು ಸಾಕು.

ಹಂತ 7: ನಿಮ್ಮ ಬರಹ ಅಳಿಸಿದಾಗ

ಪುಟದ ಮೇಲೆ ಇತಿಹಾಸ ಎಂಬ ಕೊಂಡಿ ಇದೆ. ಯಾರು, ಯಾವಾಗ, ಏನು ಬದಲಿಸಿದರು, ಯಾವ ಕಾರಣ ಕೊಟ್ಟರು ಎಲ್ಲ ಅಲ್ಲಿ ಸಿಗುತ್ತದೆ. ನಿಮ್ಮ ಹಳೆಯ ಬರಹವೂ ಅಲ್ಲೇ ಇರುತ್ತದೆ, ಹೋಗಿಬಿಡುವುದಿಲ್ಲ. ಸಿಟ್ಟಿನಲ್ಲಿ ಮರಳಿ ಹಾಕಬೇಡಿ. ನೀವು ಹಾಕುವುದು, ಅವರು ತೆಗೆಯುವುದು ನಡೆಯುತ್ತ ಹೋದರೆ ಅದನ್ನು ಸಂಪಾದನಾ ಯುದ್ಧ ಎನ್ನುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ತಾಸಿನೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ಕೆಲಸ ರದ್ದು ಮಾಡಿದರೆ ನಿರ್ಬಂಧ ಬೀಳಬಹುದು, ನಿಮ್ಮ ಮಾತು ನಿಜವಾಗಿದ್ದರೂ.

ಚರ್ಚೆ ಪುಟಕ್ಕೆ ಹೋಗಿ ಈ ಧಾಟಿಯಲ್ಲಿ ಬರೆಯಿರಿ:

"ನಮಸ್ಕಾರ. ನಾನು ಸೇರಿಸಿದ್ದ ಜಾತ್ರೆಯ ಪ್ಯಾರಾವನ್ನು ಆಧಾರವಿಲ್ಲವೆಂದು ತೆಗೆದಿದ್ದೀರಿ. ಮೊದಲ ಎರಡು ವಾಕ್ಯಕ್ಕೆ ಜಿಲ್ಲಾ ಗ್ಯಾಸೆಟಿಯರ್‌ನಲ್ಲಿ ಆಧಾರವಿದೆ, ಪುಟ ಸಂಖ್ಯೆ ಕೊಟ್ಟಿದ್ದೇನೆ. ಮೂರನೆಯದಕ್ಕೆ ನನಗೆ ಸಿಕ್ಕಿಲ್ಲ, ಅದನ್ನು ಬಿಡುತ್ತೇನೆ. ಮೊದಲೆರಡನ್ನು ಮತ್ತೆ ಸೇರಿಸಲು ಆಕ್ಷೇಪವಿದೆಯೇ?"

ಇದರಲ್ಲಿ "ನಾನು ಇದೇ ಊರಿನವನು, ನನಗೆ ಗೊತ್ತು" ಎಂಬ ಮಾತಿಲ್ಲ ಎಂಬುದನ್ನು ಗಮನಿಸಿ. ಆ ಮಾತಿಗೆ ಅಲ್ಲಿ ಬೆಲೆ ಇಲ್ಲ, ಯಾಕೆಂದರೆ ಎದುರಿನವರೂ ಅದನ್ನೇ ಹೇಳಬಹುದು. ಒಂದು ವಾರ ಕಾಯಿರಿ. ಉತ್ತರ ಬರದಿದ್ದರೆ ಆಧಾರವಿರುವಷ್ಟನ್ನು ಸೇರಿಸಿ. ಮತ್ತೂ ತಕರಾರಾದರೆ ಅರಳಿ ಕಟ್ಟೆ ಇದೆ. ಕನ್ನಡ ವಿಕಿಪೀಡಿಯದ ಸಾಮೂಹಿಕ ಚರ್ಚೆಯ ಪುಟಕ್ಕೆ ಇಟ್ಟ ಹೆಸರು ಅದು. ಅಲ್ಲಿ ಮೂರನೆಯವರ ಅಭಿಪ್ರಾಯ ಕೇಳಿ. ನಿರ್ವಾಹಕರು, ಅಂದರೆ ಪುಟ ಅಳಿಸುವ ಮತ್ತು ಖಾತೆ ತಡೆಯುವ ಅಧಿಕಾರ ಸಮುದಾಯದಿಂದ ಪಡೆದವರು, ನಿಮ್ಮಿಬ್ಬರಲ್ಲಿ ಯಾರ ಇತಿಹಾಸ ಸರಿ ಎಂದು ತೀರ್ಪು ಕೊಡುವವರಲ್ಲ. ಅದಕ್ಕಾಗಿ ಅವರ ಬೆನ್ನು ಹತ್ತಬೇಡಿ.

ಇನ್ನು ಹಳಬರಿಗೆ ಒಂದು ಮಾತು. ಹೊಸಬರ ಬರಹವನ್ನು ಕಾರಣ ಬರೆಯದೆ ಕಿತ್ತುಹಾಕುವುದು ನಿಯಮಕ್ಕೆ ಒಳಪಟ್ಟಿರಬಹುದು, ನನ್ನ ಲೆಕ್ಕದಲ್ಲಿ ಅದೂ ಅನ್ಯಾಯವೇ. ಅಳಿಸುವ ಮುಂಚೆ ಐದು ನಿಮಿಷ ಆಧಾರ ಹುಡುಕಿ. ಸಿಗದಿದ್ದರೆ "ಉಲ್ಲೇಖ ಬೇಕು" ಎಂಬ ಗುರುತು ಹಾಕಿ ಬಿಡಿ. ಬದುಕಿರುವವರ ಬಗ್ಗೆ ಆಧಾರವಿಲ್ಲದ ಆರೋಪವಾದರೆ ಮಾತ್ರ ಕಾಯದೆ ತೆಗೆಯಿರಿ.

ಹಂತ 8: ಅಚ್ಚಾಗದ ತಿಳಿವಳಿಕೆಗೆ ಏನು ಮಾಡುವುದು?

ಈ ವ್ಯವಸ್ಥೆಯ ನಿಜವಾದ ಕುಂದು ಇಲ್ಲಿದೆ. ಅಚ್ಚಾದದ್ದಕ್ಕೆ ಮಾತ್ರ ಬೆಲೆ ಎಂದರೆ ಅಚ್ಚಿನ ಮನೆ ಹತ್ತಿರವಿದ್ದವರ ಇತಿಹಾಸ ಉಳಿಯುತ್ತದೆ. ಹಾಲಕ್ಕಿ ಒಕ್ಕಲಿಗ ಸಮುದಾಯದ ಹಾಡುಗಳಲ್ಲಿ ಸುಕ್ರಿ ಬೊಮ್ಮಗೌಡರ ಕಂಠದಲ್ಲಿದ್ದವು ಸ್ವಲ್ಪವಾದರೂ ದಾಖಲಾದವು, 2017ರಲ್ಲಿ ಅವರಿಗೆ ಪದ್ಮಶ್ರೀಯೂ ಬಂತು. ಯಲ್ಲಾಪುರ, ಹಳಿಯಾಳದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದಕ್ಕೆ ಸರ್ಕಾರಿ ಕಾಗದವಿದೆ. ಅವರ ದಮಾಮಿ ಹಾಡಿನ ಸಾಲುಗಳಿಗೆ ಅಂಥ ಕಾಗದ ಎಲ್ಲಿಂದ ತರುವುದು?

ನಿಯಮ ಮುರಿಯಬೇಡಿ, ಆಧಾರ ಹುಟ್ಟುವ ಹಾಗೆ ಮಾಡಿ. ಹಿರಿಯರನ್ನು ಮಾತಾಡಿಸಿ ಸ್ಥಳೀಯ ಪತ್ರಿಕೆಗೋ ಜಾನಪದದ ನಿಯತಕಾಲಿಕಕ್ಕೋ ಲೇಖನ ಬರೆಯಿರಿ. ಸಂಪಾದಕರು ನೋಡಿ ಪ್ರಕಟಿಸಿದ ಮೇಲೆ ಬೇರೊಬ್ಬರು ಅದನ್ನು ಉಲ್ಲೇಖಿಸಬಹುದು. ನಿಮ್ಮದನ್ನು ನೀವೇ ಉಲ್ಲೇಖಿಸಿಕೊಳ್ಳುವ ಬದಲು ಚರ್ಚೆ ಪುಟದಲ್ಲಿ ಸೂಚಿಸಿದರೆ ಒಳ್ಳೆಯದು. ಹಾಡನ್ನು ಧ್ವನಿಮುದ್ರಿಸಿ ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಮಾಧ್ಯಮ ಭಂಡಾರಕ್ಕೆ ಏರಿಸಿದರೆ ಲೇಖನದಲ್ಲಿ ಅದನ್ನು ಕೇಳಿಸಬಹುದು.

ಏರಿಸುವ ಮುನ್ನ ಹಾಡಿದವರಿಗೆ ಅವರ ಮಾತಿನಲ್ಲೇ ಬಿಡಿಸಿ ಹೇಳಿ: ಇದನ್ನು ಯಾರು ಬೇಕಾದರೂ ಕೇಳಬಹುದು, ಬದಲಿಸಬಹುದು, ಸಿನಿಮಾಕ್ಕೂ ಜಾಹೀರಾತಿಗೂ ಬಳಸಿ ಹಣ ಮಾಡಬಹುದು, ನಿಮಗೆ ಪೈಸೆ ಬರುವುದಿಲ್ಲ, ಒಮ್ಮೆ ಕೊಟ್ಟ ಪರವಾನಗಿಯನ್ನು ವಾಪಸ್ ಪಡೆಯಲು ಆಗುವುದಿಲ್ಲ. ಇಷ್ಟು ಕೇಳಿ ಅವರು "ಬೇಡ ತಮ್ಮಾ" ಎಂದರೆ ಮೊಬೈಲ್ ಕಿಸೆಗೆ ಹಾಕಿಕೊಳ್ಳಿ, ಕೂತು ಹಾಡು ಕೇಳಿ ಬನ್ನಿ.